ಶ್ರೀಲಂಕಾಕ್ಕೆ ಯಾವ ತಿಂಗಳು? ಎಲ್ಲರೂ ಡಿಸೆಂಬರ್ ಅಂತಾರೆ, ನಾನು ಆಗಸ್ಟ್ ಅಂತೀನಿ

ಮೊದಲ ಸಲ ಶ್ರೀಲಂಕಾಕ್ಕೆ ಹೋಗಿದ್ದು ದಸರಾ ರಜೆಯಲ್ಲಿ. ಮಕ್ಕಳಿಗೆ ರಜೆ ಇತ್ತು, ಟಿಕೆಟ್ ಅಗ್ಗಕ್ಕೆ ಸಿಕ್ಕಿತು, ಹೊರಟೆವು. ಅಷ್ಟೇ ಯೋಚನೆ ಮಾಡಿದ್ದು. ಹಿಕ್ಕಡುವದ ಕಡಲತೀರದಲ್ಲಿ ನಾಲ್ಕು ದಿನ ಇದ್ದೆವು. ಬೆಳಿಗ್ಗೆ ಒಳ್ಳೆ ಬಿಸಿಲು, ಊಟ ಮುಗಿಯುವಷ್ಟರಲ್ಲಿ ಒಳನಾಡಿನ ಕಡೆಯಿಂದ ಕಪ್ಪು ಮೋಡ, ಎರಡು ಗಂಟೆಗೆ ಗುಡುಗು, ಆಮೇಲೆ ರಾತ್ರಿಯವರೆಗೆ ರೂಮಿನಲ್ಲಿ ಕೂತು ಇಸ್ಪೀಟು. ನಾಲ್ಕೂ ದಿನ ಇದೇ ಕತೆ. "ಇದಕ್ಕಿಂತ ಅಜ್ಜಿ ಮನೆಗೆ ಹೋಗಿದ್ರೆ ಚೆನ್ನಾಗಿತ್ತು" ಅಂದಳು ಮಗಳು. ಅವಳ ಅಜ್ಜಿ ಮನೆ ಇರುವುದು ತೀರ್ಥಹಳ್ಳಿ ಹತ್ತಿರ. ಅಲ್ಲೂ ಮಳೆಯೇ, ಆದರೆ ವಿಮಾನದ ದುಡ್ಡಾದರೂ ಉಳಿಯುತ್ತಿತ್ತು.

ಆಮೇಲೆ ಇನ್ನೆರಡು ಸಲ ಹೋಗಿಬಂದೆ. ಒಮ್ಮೆ ಫೆಬ್ರವರಿಯಲ್ಲಿ, ಒಮ್ಮೆ ಆಗಸ್ಟ್‌ನಲ್ಲಿ. ಈಗ ಪರಿಚಯದವರು ಯಾರೇ ಹೊರಟರೂ ನನಗೆ ಫೋನ್ ಮಾಡಿ "ಯಾವ ತಿಂಗಳು ಒಳ್ಳೇದು?" ಅಂತ ಕೇಳುತ್ತಾರೆ. ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: ಯಾವ ಕಡೆ ಹೋಗ್ತೀರಿ? ಪಶ್ಚಿಮಕ್ಕಾ, ಪೂರ್ವಕ್ಕಾ? ಯಾಕೆಂದರೆ ಆ ದೇಶಕ್ಕೆ ಒಂದು ಸೀಸನ್ ಅಂತ ಇಲ್ಲ. ಎರಡಿವೆ, ಒಂದಕ್ಕೊಂದು ಉಲ್ಟಾ.

ಮುಂಗಾರು, ಹಿಂಗಾರು ಗೊತ್ತಿದ್ದರೆ ಅರ್ಧ ಕೆಲಸ ಆಯಿತು

ಇದನ್ನು ಇಂಗ್ಲಿಷ್ ಗೈಡ್‌ಗಳಲ್ಲಿ ಎರಡು ಪುಟ ವಿವರಿಸುತ್ತಾರೆ. ನಮಗೆ ಅಷ್ಟು ಬೇಕಾಗಿಲ್ಲ. ನಮ್ಮ ಮುಂಗಾರೇ ಅಲ್ಲಿಯೂ ಮುಂಗಾರು, ನಮ್ಮ ಹಿಂಗಾರೇ ಅಲ್ಲಿಯೂ ಹಿಂಗಾರು. ಭತ್ತದ ಬೆಳೆಯನ್ನೂ ಅವರು ಹೀಗೇ ಎರಡು ಮಾಡಿಕೊಂಡಿದ್ದಾರೆ. ಮುಂಗಾರಿನ ಹೊತ್ತಿನದು ಯಾಲ, ಹಿಂಗಾರಿನದು ಮಹಾ.

ದೇಶ ಸಣ್ಣದು. ಸುಮಾರು 65,600 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರರಲ್ಲಿ ಒಂದು ಪಾಲು. ಆದರೆ ನಡುವೆ ಬೆಟ್ಟಗಳ ದೊಡ್ಡ ಗುಡ್ಡೆ ಇದೆ. ಅಲ್ಲಿನ ಅತಿ ಎತ್ತರದ ಪಿದುರುತಲಾಗಲ 2,524 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರ್ ಜಾಸ್ತಿ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿ ಬಂದು ಈ ಬೆಟ್ಟಕ್ಕೆ ಹೊಡೆಯುತ್ತದೆ, ಪಶ್ಚಿಮದ ಇಳಿಜಾರಿನಲ್ಲಿ ನೀರೆಲ್ಲ ಸುರಿದುಬಿಡುತ್ತದೆ, ಬೆಟ್ಟ ದಾಟಿ ಆಚೆ ಇಳಿಯುವಾಗ ಅದರಲ್ಲಿ ತೇವವೇ ಇರುವುದಿಲ್ಲ, ಒಣಗಿ ಬಿಸಿಯಾಗಿ ಬೀಸುತ್ತದೆ. ಪೂರ್ವದ ತಮಿಳರು ಈ ಗಾಳಿಗೆ ಕಚ್ಚಾನ್ ಅಂತ ಹೆಸರಿಟ್ಟಿದ್ದಾರೆ. ಆಗುಂಬೆಯಲ್ಲಿ ಜಡಿಮಳೆ ಹೊಡೆಯುತ್ತಿರುವಾಗ ಚಿತ್ರದುರ್ಗದಲ್ಲಿ ಧೂಳು ಏಳುತ್ತದಲ್ಲ, ಅದೇ ಲೆಕ್ಕ. ಡಿಸೆಂಬರ್‌ನಿಂದ ಫೆಬ್ರವರಿಗೆ ಗಾಳಿ ಬಂಗಾಳ ಕೊಲ್ಲಿಯಿಂದ ತಿರುಗುತ್ತದೆ, ಆಗ ಪೂರ್ವ ಮತ್ತು ಉತ್ತರಕ್ಕೆ ಮಳೆ, ಪಶ್ಚಿಮಕ್ಕೆ ಬಿಸಿಲು. ನಡುವೆ ಎರಡು ಸಂಧಿಕಾಲ: ಮಾರ್ಚ್-ಏಪ್ರಿಲ್ ಒಂದು, ಅಕ್ಟೋಬರ್-ನವೆಂಬರ್ ಇನ್ನೊಂದು. ಆಗ ಗಾಳಿಗೆ ದಿಕ್ಕಿಲ್ಲ, ಮಧ್ಯಾಹ್ನದ ಮೇಲೆ ಗುಡುಗು ಮಳೆ. ನಾವು ಇಸ್ಪೀಟು ಆಡಿದ್ದು ಇದೇ ಎರಡನೇ ಸಂಧಿಕಾಲದಲ್ಲಿ.

ಈಗ ಅಂಕಿ ನೋಡಿ. ಕೊಲಂಬೊದಲ್ಲಿ ಮೇ ತಿಂಗಳ ಸರಾಸರಿ ಮಳೆ 390 ಮಿಲಿಮೀಟರ್ ಆಸುಪಾಸು. ಅಕ್ಟೋಬರ್‌ನಲ್ಲಿ 350. ಜನವರಿಯಲ್ಲಿ ಬರೀ 60. ಇಷ್ಟು ಎಲ್ಲರಿಗೂ ಗೊತ್ತು. ಯಾರೂ ನೋಡದ ಅಂಕಿ ಆಗಸ್ಟ್‌ದು: ಸುಮಾರು 120. ಅಂದರೆ "ಮಾನ್ಸೂನ್, ಹೋಗಬೇಡಿ" ಅಂತ ಹೆದರಿಸುವ ಕಾಲದ ನಟ್ಟನಡುವೆ ಕೊಲಂಬೊಗೆ ಒಂದು ಬಿಡುವು ಸಿಗುತ್ತದೆ. ಮಂಗಳೂರಿನಲ್ಲಿ ಜುಲೈ ಒಂದೇ ತಿಂಗಳಲ್ಲಿ ಸರಾಸರಿ 1000 ಮಿಲಿಮೀಟರ್ ಆಸುಪಾಸು ಬೀಳುತ್ತದೆ. ಕೊಲಂಬೊದ ಅತಿ ಒದ್ದೆ ತಿಂಗಳೂ ಅದರ ಅರ್ಧಕ್ಕೆ ಬರುವುದಿಲ್ಲ. ಯುರೋಪಿನಿಂದ ಬರುವವರಿಗೆ ಬರೆದ ಎಚ್ಚರಿಕೆಯನ್ನು ಕರಾವಳಿಯವರೂ ಮಲೆನಾಡಿನವರೂ ಓದಿ ಹೆದರುವುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ.

ಆ ಕಡೆ, ಪೂರ್ವ ಕರಾವಳಿಯ ಟ್ರಿಂಕೋಮಲಿಯಲ್ಲಿ ನವೆಂಬರ್, ಡಿಸೆಂಬರ್ ಎರಡರಲ್ಲೂ 300 ಮಿಲಿಮೀಟರ್ ದಾಟುತ್ತದೆ. ಜೂನ್‌ನಲ್ಲಿ ಮೂವತ್ತನ್ನೂ ಮುಟ್ಟುವುದಿಲ್ಲ.

ಒಂದು ಮಾತು ಮಾತ್ರ ಮರೆಯಬೇಡಿ. ಮಳೆ ಬೇರೆ, ಕಡಲು ಬೇರೆ. ಆಗಸ್ಟ್‌ನಲ್ಲಿ ದಕ್ಷಿಣ ತೀರದ ಗಾಲ್, ಮಿರಿಸ್ಸ ಕಡೆ ಮಳೆ ಇಲ್ಲದ ದಿನಗಳು ಬೇಕಾದಷ್ಟಿರುತ್ತವೆ, ಆದರೆ ಕಡಲು ಕೆರಳಿಯೇ ಇರುತ್ತದೆ. ಮಲ್ಪೆಯಲ್ಲಿ ಮಳೆಗಾಲದಲ್ಲಿ ನೀರಿಗೆ ಇಳಿಯಬೇಡಿ ಅಂತ ಬಲೆ ಕಟ್ಟುತ್ತಾರಲ್ಲ, ಅದೇ ಗಾಳಿ, ಅದೇ ಅಲೆ. ನಾವು ಆಗಸ್ಟ್‌ನಲ್ಲಿ ಹೋಗುವಾಗ ಬೆಂಗಳೂರಿನ ಏಜೆಂಟರೊಬ್ಬರು ಪ್ಯಾಕೇಜಿನಲ್ಲಿ "ಮಿರಿಸ್ಸದಲ್ಲಿ ತಿಮಿಂಗಿಲ ವೀಕ್ಷಣೆ" ಅಂತ ದಪ್ಪಕ್ಷರದಲ್ಲಿ ಹಾಕಿ ಕಳಿಸಿದ್ದರು. ಮಿರಿಸ್ಸದ ತಿಮಿಂಗಿಲ ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಆಗಸ್ಟ್‌ನಲ್ಲಿ ಆ ದೋಣಿ ಹತ್ತಿದರೆ ತಿಮಿಂಗಿಲ ಕಾಣುವ ಮೊದಲು ತಿಂದ ಇಡ್ಲಿ ಕಾಣುತ್ತದೆ. ಕೇಳಿದ್ದಕ್ಕೆ "ವರ್ಷಪೂರ್ತಿ ಇರುತ್ತೆ ಸರ್" ಅಂದರು. ಅವರ ಪ್ಯಾಕೇಜ್ ಬಿಟ್ಟು ಎಲ್ಲ ನಾನೇ ಬುಕ್ ಮಾಡಿಕೊಂಡೆ.

ಡಿಸೆಂಬರ್‌ನಿಂದ ಮಾರ್ಚ್: ಎಲ್ಲರೂ ಹೇಳುವ ಕಾಲ

ತಪ್ಪೇನೂ ಇಲ್ಲ, ಒಳ್ಳೆಯ ಕಾಲವೇ. ದಕ್ಷಿಣ-ಪಶ್ಚಿಮದ ಕಡಲು, ಅಂದರೆ ಬೆಂತೊಟ, ಹಿಕ್ಕಡುವ, ಉನವಟುನ, ವೆಲಿಗಾಮ, ಮಿರಿಸ್ಸ, ಇವೆಲ್ಲ ಆಗ ಶಾಂತ. ಈ ಕಡೆ ನೀಲಿ ತಿಮಿಂಗಿಲ ಆಗಲೇ ಸಿಗುವುದು. ಗಾಲ್ ಕೋಟೆಯ ಗೋಡೆ ಮೇಲೆ ಸಂಜೆ ಒಂದು ಸುತ್ತು ಹಾಕುವುದಕ್ಕೂ ಹಿತ. ಬೆಟ್ಟದ ಮೇಲೆ ಹಾರ್ಟನ್ ಪ್ಲೇನ್ಸ್‌ನ ವರ್ಲ್ಡ್ಸ್ ಎಂಡ್ ಅನ್ನುವ ಪ್ರಪಾತ ಇದೆಯಲ್ಲ, ಸುಮಾರು 870 ಮೀಟರ್ ಕೆಳಕ್ಕೆ ನೇರ, ಅಲ್ಲಿ ಬೆಳಿಗ್ಗೆ ಒಂಬತ್ತರೊಳಗೆ ನಿಂತರೆ ಈ ತಿಂಗಳುಗಳಲ್ಲಿ ಕಣ್ಣು ಹಾಯುವಷ್ಟು ದೂರ ಕಾಣುತ್ತದೆ. ಒಂಬತ್ತೂವರೆ, ಹತ್ತು ಆಯಿತೋ, ಮಂಜು ಬಂದು ಬಿಳಿ ಪರದೆ ಎಳೆದುಬಿಡುತ್ತದೆ, ಆಮೇಲೆ ಫಲಕದ ಪಕ್ಕ ಫೋಟೊ ತೆಗೆಸಿಕೊಂಡು ಬರಬೇಕು ಅಷ್ಟೇ. ಸ್ವೆಟರ್ ತಗೊಂಡು ಹೋಗಿ. ನುವರ ಎಲಿಯ 1,800 ಮೀಟರ್ ಮೇಲಿದೆ, ಜನವರಿ ರಾತ್ರಿ ನಡುಗಿಸುತ್ತದೆ.

ಆದರೆ ಈ ಕಾಲದ ನಿಜವಾದ ಕಾರಣ ಕಡಲಲ್ಲ, ಶ್ರೀಪಾದ. 2,243 ಮೀಟರ್ ಎತ್ತರದ ಚೂಪು ಬೆಟ್ಟ, ತುದಿಯಲ್ಲಿ ಒಂದು ಪಾದದ ಗುರುತು. ಬೌದ್ಧರಿಗೆ ಬುದ್ಧನ ಪಾದ, ಹಿಂದೂಗಳಿಗೆ ಶಿವನ ಪಾದ, ಮುಸ್ಲಿಮರಿಗೂ ಕ್ರೈಸ್ತರಿಗೂ ಆದಮನ ಪಾದ. ಡಿಸೆಂಬರ್ ಹುಣ್ಣಿಮೆಯಿಂದ ಮೇ ತಿಂಗಳ ವೆಸಕ್ ಹುಣ್ಣಿಮೆಯವರೆಗೆ, ಅಂದರೆ ನಮ್ಮ ಬುದ್ಧ ಪೂರ್ಣಿಮೆಯವರೆಗೆ, ಯಾತ್ರೆಯ ಕಾಲ. ಆಗ ಇಡೀ ದಾರಿಗೆ ದೀಪ ಹಾಕಿರುತ್ತಾರೆ, ಅಲ್ಲಲ್ಲಿ ಚಹಾ ಅಂಗಡಿಗಳು ತೆರೆದಿರುತ್ತವೆ, ರಾತ್ರಿ ಎರಡಕ್ಕೆ ಹೊರಟರೆ ಸಾವಿರಾರು ಮೆಟ್ಟಿಲು ಹತ್ತಿ ಸೂರ್ಯೋದಯಕ್ಕೆ ಮೇಲಿರಬಹುದು. ಮಕ್ಕಳನ್ನು ಹೆಗಲ ಮೇಲೆ ಹೊತ್ತ ಅಪ್ಪಂದಿರು, ಎಂಬತ್ತು ದಾಟಿದ ಅಜ್ಜಿಯರು, ಒಬ್ಬರಿಗೊಬ್ಬರು ಕೈ ಕೊಟ್ಟು ಹತ್ತುತ್ತಿರುತ್ತಾರೆ. ಸೂರ್ಯ ಮೂಡುವಾಗ ಎಲ್ಲರೂ ಪೂರ್ವಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ನೀವು ಒಂದು ನಿಮಿಷ ಹಿಂದೆ ತಿರುಗಿ ನೋಡಿ. ಬೆಟ್ಟದ ನೆರಳು ಪಶ್ಚಿಮದ ಕಣಿವೆ ಮೇಲೆ ಕರಾರುವಾಕ್ಕಾದ ತ್ರಿಕೋನವಾಗಿ ಬಿದ್ದಿರುತ್ತದೆ.

ಮಳೆಗಾಲದಲ್ಲೂ ಹತ್ತಬಹುದು, ಯಾರೂ ತಡೆಯುವುದಿಲ್ಲ. ಆದರೆ ದೀಪ ಇಲ್ಲ, ಅಂಗಡಿ ಇಲ್ಲ, ಗಾಳಿ ಇದೆ, ರಕ್ತ ಹೀರುವ ಉಂಬಳ ಇದೆ. ಬೇಡ ಬಿಡಿ. ಯಾತ್ರೆ ಕಾಲದಲ್ಲಿ ಕೂಡ ಹುಣ್ಣಿಮೆ ಮತ್ತು ವಾರಾಂತ್ಯ ತಪ್ಪಿಸಿ, ಇಲ್ಲದಿದ್ದರೆ ಕೊನೆಯ ಮೆಟ್ಟಿಲುಗಳಲ್ಲಿ ಕ್ಯೂ ನಿಂತೇ ಸೂರ್ಯ ಮೇಲೆ ಬಂದುಬಿಡುತ್ತಾನೆ.

ಚಹಾದ ಹುಚ್ಚಿರುವವರಿಗೆ ಇನ್ನೊಂದು ಗುಟ್ಟು. ಯಾವ ಬೆಟ್ಟದ ಕಡೆ ಯಾವಾಗ ಹೋಗಬೇಕು ಅಂತ ಟೀ ತೋಟದವರನ್ನು ಕೇಳಿದರೆ ಸಾಕು. ಪಶ್ಚಿಮದ ಇಳಿಜಾರಿನಲ್ಲಿ ಹಟನ್, ತಲವಾಕೆಲೆ ಇರುವ ದಿಂಬುಲ ಕಡೆಯ ಚಹಾಕ್ಕೆ ಜನವರಿಯಿಂದ ಮಾರ್ಚ್‌ವರೆಗೆ ಒಳ್ಳೆ ರುಚಿ, ಯಾಕೆಂದರೆ ಆಗ ಆ ಇಳಿಜಾರಿನಲ್ಲಿ ಒಣ ಗಾಳಿ, ತಣ್ಣನೆ ರಾತ್ರಿ. ಪೂರ್ವದ ಊವ ಕಡೆಯ ಚಹಾಕ್ಕೆ ಜುಲೈಯಿಂದ ಸೆಪ್ಟೆಂಬರ್. ಗಿಡಕ್ಕೆ ಹಿತವಾದ ಆ ಒಣ ಹವೆಯೇ ನಡೆದಾಡುವವರಿಗೂ ಹಿತ.

ಇಷ್ಟೆಲ್ಲ ಇದ್ದೂ ನಾನು ಯಾಕೆ ಈ ಕಾಲವನ್ನು ಮೊದಲು ಹೇಳುವುದಿಲ್ಲ? ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ನಮ್ಮ ಗೋಕರ್ಣವೂ ಚೆನ್ನಾಗಿರುತ್ತದೆ, ಮರವಂತೆಯೂ ಚೆನ್ನಾಗಿರುತ್ತದೆ, ಕಾಪುವೂ ಚೆನ್ನಾಗಿರುತ್ತದೆ. ಅದೇ ಪಶ್ಚಿಮದ ಕಡಲು, ಅದೇ ತೆಂಗಿನ ಮರ, ಅದೇ ಸೂರ್ಯಾಸ್ತ. ಹಿಮದ ದೇಶದಿಂದ ಬರುವವನಿಗೆ ಅದು ಸ್ವರ್ಗ ಸರಿ. ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಸಿಗುವುದನ್ನು ನೋಡಲು ನಾವು ಪಾಸ್‌ಪೋರ್ಟ್ ಯಾಕೆ ತೆಗೆಯಬೇಕು ಅನ್ನುವುದು ನನ್ನ ತಕರಾರು.

ಜುಲೈ, ಆಗಸ್ಟ್: ನಾನು ಮತ ಹಾಕುವ ಕಾಲ

ಆಗಸ್ಟ್‌ನಲ್ಲಿ ನಮ್ಮ ಕಡಲಿಗೆ ಇಳಿಯುವಂತಿಲ್ಲ. ಬೆಂಗಳೂರಿಂದ ಕೊಲಂಬೊಗೆ ವಿಮಾನದಲ್ಲಿ ಒಂದೂವರೆ ಗಂಟೆ ಸಾಕು, ಗಡಿಯಾರವನ್ನೂ ತಿರುಗಿಸಬೇಕಾಗಿಲ್ಲ, ಎರಡೂ ಕಡೆ ಒಂದೇ ಸಮಯ. ಅಲ್ಲಿಂದ ರಸ್ತೆಯಲ್ಲಿ ಪೂರ್ವಕ್ಕೆ ಹೋದರೆ ನಿಲಾವೇಲಿ, ಉಪ್ಪುವೇಲಿ, ಪಾಸಿಕುಡದ ಕಡಲು ತಟ್ಟೆಯಲ್ಲಿಟ್ಟ ನೀರಿನ ಹಾಗೆ ಬಿದ್ದಿರುತ್ತದೆ. ಈಜು ಬಾರದ ನಮ್ಮಂಥವರು ಸೊಂಟದ ತನಕ ನೀರಿನಲ್ಲಿ ಎಷ್ಟು ದೂರ ಬೇಕಾದರೂ ನಡೆಯಬಹುದು. ನಿಲಾವೇಲಿ ಎದುರು ಪಿಜನ್ ಐಲೆಂಡ್ ಇದೆ, ಹವಳದ ಬಂಡೆ ನೋಡಲು ನೀರು ತಿಳಿಯಾಗಿರುವುದು ಈ ತಿಂಗಳುಗಳಲ್ಲೇ. ಟ್ರಿಂಕೋಮಲಿಯ ತುದಿಯಲ್ಲಿ ಕಡಿದಾದ ಬಂಡೆ ಮೇಲೆ ಕೋಣೇಶ್ವರಂ ದೇವಸ್ಥಾನ, ಕೆಳಗೆ ಕಡಲು. ನಮ್ಮಮ್ಮ ಅಲ್ಲಿ ಕೂತವರು ಏಳಲೇ ಇಲ್ಲ. ಮುರುಡೇಶ್ವರಕ್ಕಿಂತ ಚೆನ್ನಾಗಿದೆ ಅಂದರು, ಆಮೇಲೆ ಹಾಗೆ ಅಂದಿದ್ದಕ್ಕೆ ಕೆನ್ನೆ ತಟ್ಟಿಕೊಂಡರು. ಅಲೆ ಸವಾರಿ ಮಾಡುವ ಹುಡುಗರಾದರೆ ಆರುಗಂ ಬೇ, ಅದಕ್ಕೂ ಮೇಯಿಂದ ಸೆಪ್ಟೆಂಬರ್‌ವರೆಗಿನ ಕಾಲವೇ.

ಆನೆ. ಕಬಿನಿಗೆ ಹೋದವರಿಗೆ ಗೊತ್ತು, ಏಪ್ರಿಲ್-ಮೇಯಲ್ಲಿ ಹಿನ್ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಹುಟ್ಟುತ್ತದೆ, ಕಾಡಿನೊಳಗೆಲ್ಲ ಒಣಗಿರುತ್ತದೆ, ಆನೆಗಳು ಹಿಂಡುಹಿಂಡಾಗಿ ಅಲ್ಲಿಗೆ ಬರುತ್ತವೆ. ಮಿನ್ನೇರಿಯದಲ್ಲೂ ಇದೇ. ಮೂರನೇ ಶತಮಾನದಲ್ಲಿ ಮಹಾಸೇನ ಅನ್ನುವ ರಾಜ ಕಟ್ಟಿಸಿದ ಕೆರೆ ಅದು. ಅಲ್ಲಿನ ಬೇಸಿಗೆ ನಮ್ಮ ಮಳೆಗಾಲದಲ್ಲಿ ಬರುವುದರಿಂದ ಜುಲೈಯಿಂದ ಸೆಪ್ಟೆಂಬರ್‌ವರೆಗೆ ಕೆರೆ ಇಳಿಯುತ್ತದೆ, ಒಂದೇ ಬಯಲಲ್ಲಿ ನೂರಾರು ಆನೆ ಸೇರುತ್ತವೆ. ಮರಿಗಳು ತಾಯಿ ಹೊಟ್ಟೆ ಕೆಳಗೆ, ದೊಡ್ಡ ಸಲಗಗಳು ಅಂಚಿನಲ್ಲಿ. ಆದರೆ ಒಂದು ಎಚ್ಚರಿಕೆ: ಈಚಿನ ವರ್ಷಗಳಲ್ಲಿ ಮೊರಗಹಕಂದ ಜಲಾಶಯದಿಂದ ನೀರು ಹರಿಸಿ ಕೆರೆ ತುಂಬಿಸಿದಾಗ ಹುಲ್ಲುಗಾವಲು ಮುಳುಗಿ ಆನೆಗಳು ಬೇರೆ ಕಡೆ ಚದುರಿದ್ದೂ ಇದೆ. ಅದಕ್ಕೇ ಮೊದಲೇ ಮಿನ್ನೇರಿಯ ಅಂತ ಟಿಕೆಟ್ ಕಟ್ಟಿಕೊಂಡು ಕೂರಬೇಡಿ. ಪಕ್ಕದಲ್ಲೇ ಕೌಡುಲ್ಲ ಮತ್ತು ಹುರುಲು ಕಾಡುಗಳಿವೆ, ಇವತ್ತು ಆನೆ ಎಲ್ಲಿದೆ ಅಂತ ಜೀಪಿನವರಿಗೆ ಗೊತ್ತಿರುತ್ತದೆ, ಮಧ್ಯಾಹ್ನ ಕೇಳಿ ಹೊರಡಿ.

ಅದೇ ಸುತ್ತಿನಲ್ಲಿ ಬಂಡೆ ಮೇಲಿನ ಕೋಟೆ ಸಿಗಿರಿಯ, ಗುಹಾ ದೇವಾಲಯದ ದಂಬುಲ್ಲ, ಹಳೆಯ ರಾಜಧಾನಿ ಪೊಲೊನ್ನರುವ. ಸಿಗಿರಿಯ ಬಂಡೆಗೆ ಸುಮಾರು 1,200 ಮೆಟ್ಟಿಲು. ಆಗಸ್ಟ್‌ನಲ್ಲಿ ಅಲ್ಲಿ ಮಳೆಯ ಭಯ ಇಲ್ಲ, ಬಿಸಿಲಿನದು ಇದೆ. ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಿ, ಒಂಬತ್ತಕ್ಕೆ ಇಳಿದುಬಿಡಿ. ಭಾರತೀಯರಿಗೆ ಸಾರ್ಕ್ ದೇಶದವರ ದರ, ಬೇರೆ ವಿದೇಶಿಯರು ಕೊಡುವುದಕ್ಕಿಂತ ಕಡಿಮೆ. ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಹೋದರೆ ಅದು ಸಿಗುವುದಿಲ್ಲ. ನಾನು ಬಿಟ್ಟು ಹೋಗಿದ್ದೆ.

ಇನ್ನು ಕ್ಯಾಂಡಿಯ ಎಸಲ ಪೆರಹೆರ. ಬುದ್ಧನ ದಂತ ಇರುವ ದಳದ ಮಾಳಿಗಾವದ ಉತ್ಸವ, ಹತ್ತು ರಾತ್ರಿ, ಆಗಸ್ಟ್ ಆಸುಪಾಸಿನ ನಿಕಿಣಿ ಹುಣ್ಣಿಮೆಗೆ ಮುಗಿಯುತ್ತದೆ. ಮೈಸೂರಿನ ಜಂಬೂ ಸವಾರಿ ನೋಡಿದವರಿಗೆ ಇದೇನು ಹೊಸದು ಅನ್ನಿಸಬಹುದು. ನನಗೂ ಹಾಗೇ ಅನ್ನಿಸಿತ್ತು. ಆದರೆ ಇದು ರಾತ್ರಿಯ ಮೆರವಣಿಗೆ. ಬೀದಿಯ ಎರಡೂ ಬದಿ ಕಬ್ಬಿಣದ ಬುಟ್ಟಿಗಳಲ್ಲಿ ಕೊಬ್ಬರಿ ಉರಿಸಿಕೊಂಡು ನಡೆಯುತ್ತಾರೆ, ಆ ವಾಸನೆ, ಆ ಬೆಳಕಲ್ಲಿ ತಲೆಯಿಂದ ಕಾಲಿನವರೆಗೆ ಬಟ್ಟೆ ಹೊದ್ದ ಆನೆಗಳು, ಮುಂದೆ ಚಾಟಿ ಬೀಸುವವರು, ಬೆರೆ ಅನ್ನುವ ಡೋಲು ಬಾರಿಸುವವರು, ಗಂಟೆಗಟ್ಟಲೆ ಮುಗಿಯುವುದೇ ಇಲ್ಲ. ಕೊನೆಯ ಐದು ರಾತ್ರಿ ರಂದೋಲಿ, ಅವೇ ದೊಡ್ಡವು, ಅವೇ ದುಬಾರಿ. ಹೋಟೆಲ್ ದರ ಒಂದಕ್ಕೆ ಮೂರು ಕೇಳುತ್ತಾರೆ, ಬೀದಿ ಬದಿಯ ಕುರ್ಚಿಗೂ ದುಡ್ಡು. ಮೊದಲ ಐದು ರಾತ್ರಿ ಕುಂಬಲ್ ಪೆರಹೆರ, ಅದು ಸ್ವಲ್ಪ ಸಣ್ಣದು, ಜನ ಕಡಿಮೆ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಅದನ್ನೇ ನೋಡಿ. ತಾರೀಖು ಪ್ರತಿ ವರ್ಷ ಬದಲಾಗುತ್ತದೆ, ಆದ್ದರಿಂದ ಟಿಕೆಟ್ ತೆಗೆಯುವ ಮುಂಚೆ ಹುಣ್ಣಿಮೆ ನೋಡಿಕೊಳ್ಳಿ.

ಉತ್ತರಕ್ಕೆ ಹೋಗುವವರಿಗೆ ಇದೇ ಹೊತ್ತಿಗೆ ಯಾಳ್ಪಾಣದಲ್ಲಿ, ಅಂದರೆ ಜಾಫ್ನಾದಲ್ಲಿ, ನಲ್ಲೂರು ಕಂದಸ್ವಾಮಿ ದೇವಸ್ಥಾನದ 25 ದಿನಗಳ ಉತ್ಸವ. ಆ ದಿನಗಳಲ್ಲಿ ಊರಿನ ಎಷ್ಟೋ ಮನೆಗಳಲ್ಲಿ ಮೀನು ಮಾಂಸ ಬಿಟ್ಟಿರುತ್ತಾರೆ, ಸಸ್ಯಾಹಾರಿಗಳಿಗೆ ಊಟದ ಚಿಂತೆ ಕಡಿಮೆ. ಮಿಕ್ಕ ಕಡೆ ಚಿಂತೆ ಇದ್ದೇ ಇದೆ, ಯಾಕೆಂದರೆ ನೋಡಲು ಬರೀ ತೆಂಗಿನ ಚಟ್ನಿಯಂತಿರುವ ಪೊಲ್ ಸಂಬೋಲಕ್ಕೂ ಉಂಬಲಕಡ ಹಾಕುತ್ತಾರೆ. ಹೆಸರು ಕೇಳಿ ಮಲೆನಾಡಿನವರು ಉಂಬಳ ಅಂದುಕೊಂಡು ಹೆದರಬೇಡಿ, ಇದು ಒಣ ಮೀನು.

ಆಗಸ್ಟ್‌ಗೆ ಕೊರತೆ ಇಲ್ಲವೇ? ಇದೆ. ಯುರೋಪಿನವರಿಗೂ ಅದು ರಜೆ ಕಾಲ, ಪೂರ್ವದ ಕಡಲ ಊರುಗಳಲ್ಲಿ ರೂಮು ಬೇಗ ತುಂಬುತ್ತದೆ. ಬಯಲಿನ ಸೆಖೆ ಜೋರು. ನುವರ ಎಲಿಯ ಕಡೆ ಗಾಳಿ, ಜಿಟಿಜಿಟಿ ಮಳೆ, ಶ್ರೀಪಾದ ಇಲ್ಲ. ಯಾಲ ಕಾಡಿಗೆ ಹೋಗುವವರು ಆಗಸ್ಟ್ ಒಳಗೇ ಮುಗಿಸಿಕೊಳ್ಳಿ, ಬರ ಜಾಸ್ತಿಯಾಗುವ ಸೆಪ್ಟೆಂಬರ್‌ನಿಂದ ಅಕ್ಟೋಬರ್ ನಡುವಿನವರೆಗೆ ಸಾಮಾನ್ಯವಾಗಿ ಮುಖ್ಯ ಭಾಗವನ್ನು ಮುಚ್ಚುತ್ತಾರೆ.

ಬೆಟ್ಟ ಬೇಕೇ ಬೇಕು ಅನ್ನುವವರು ಆಗಸ್ಟ್‌ನಲ್ಲಿ ನುವರ ಎಲಿಯ ಬಿಟ್ಟು ಎಲ್ಲ, ಬಂಡಾರವೆಲ ಕಡೆ ಉಳಿಯಿರಿ. ಎಲ್ಲ ಅನ್ನುವುದು ಊರಿನ ಹೆಸರೇ, ನನ್ನ ವಾಕ್ಯ ತಪ್ಪಿಲ್ಲ. ಅದು ಬೆಟ್ಟದ ಪೂರ್ವದ ಮಗ್ಗುಲು, ಆಗ ಬಿಸಿಲು. ಕ್ಯಾಂಡಿಯಿಂದ ಅಲ್ಲಿಗೆ ಹೋಗುವ ರೈಲು ಪಟ್ಟಿಪೊಲ ದಾಟಿ ಒಂದು ಸುರಂಗಕ್ಕೆ ಹೋಗುತ್ತದೆ, ಈಚೆ ಮಳೆ, ಆಚೆ ಬಿಸಿಲು ಅಂತ ಅಲ್ಲಿನವರು ಹೇಳುತ್ತಾರೆ. ನಮಗೆ ಹಾಗೇ ಆಯಿತು. ಕಿಟಕಿ ಮುಚ್ಚಿಕೊಂಡು ಸುರಂಗ ಹೊಕ್ಕೆವು, ತೆರೆದುಕೊಂಡು ಹೊರಬಂದೆವು. ಆದರೆ 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಲ್ಲಿ ನೂರಾರು ಜನ ಸತ್ತರು, ಗುಡ್ಡಗಳು ಕುಸಿದವು, ಈ ಬೆಟ್ಟದ ಹಳಿಗಳಿಗೂ ದೊಡ್ಡ ಏಟು ಬಿತ್ತು. ಅದಕ್ಕೇ ರೈಲನ್ನೇ ನಂಬಿ ಪ್ಲಾನ್ ಮಾಡುವ ಮೊದಲು ಎಲ್ಲಿಂದ ಎಲ್ಲಿಯವರೆಗೆ ಓಡುತ್ತಿದೆ ಅಂತ ವಿಚಾರಿಸಿ.

ಸ್ಕೂಲ್ ರಜೆಗೇ ಹೋಗಬೇಕು ಅಂದರೆ

ಗೊತ್ತು, ಆಗಸ್ಟ್‌ನಲ್ಲಿ ಮಕ್ಕಳಿಗೆ ಪರೀಕ್ಷೆ. ಸ್ವಾತಂತ್ರ್ಯ ದಿನದ ಜೊತೆ ಶನಿವಾರ ಭಾನುವಾರ ಸೇರಿಸಿ ನಾಲ್ಕು ದಿನ ಎಳೆಯಬಹುದು, ಅಷ್ಟರಲ್ಲಿ ಸಿಗಿರಿಯ, ಆನೆ, ಟ್ರಿಂಕೋ ಆಗುತ್ತದೆ. ಅದಕ್ಕಿಂತ ಜಾಸ್ತಿ ಬೇಕಾದರೆ ರಜೆಗಳನ್ನೇ ತೂಗಿ ನೋಡಬೇಕು.

ಏಪ್ರಿಲ್ ನನ್ನ ಮೊದಲ ಆಯ್ಕೆ. ಎರಡೂ ಕಡೆಯ ಕಡಲು ಒಟ್ಟಿಗೆ ಸುಮ್ಮನಿರುವುದು ಹೆಚ್ಚುಕಡಿಮೆ ಆಗ ಮಾತ್ರ. ಸಂಜೆ ಗುಡುಗು ಮಳೆ ಬರುತ್ತದೆ, ನಮ್ಮ ಮಾವಿನ ಮಳೆ ಹಾಗೆ, ಬಂದು ಹೋಗುತ್ತದೆ. ಸೆಖೆ ಇದೆ, ಬೆಂಗಳೂರಿನವರಿಗೆ ಕಷ್ಟ, ರಾಯಚೂರು ಕಲಬುರಗಿಯವರಿಗೆ ನಗು ಬರುತ್ತದೆ. ಒಂದು ವಾರ ಮಾತ್ರ ಬಿಡಿ. ಏಪ್ರಿಲ್ 13, 14 ಸಿಂಹಳ ಮತ್ತು ತಮಿಳು ಹೊಸ ವರ್ಷ. ನಮ್ಮ ಯುಗಾದಿಗಿಂತ ಜೋರು. ಕೊಲಂಬೊ ಖಾಲಿ, ಅಂಗಡಿ ಬಂದ್, ಡ್ರೈವರ್‌ಗಳು ಊರಿಗೆ, ಬಸ್ಸು ರೈಲಿನಲ್ಲಿ ಕಾಲಿಡಲು ಜಾಗ ಇಲ್ಲ. ಕೊಲಂಬೊದ ಉಳ್ಳವರೆಲ್ಲ ನುವರ ಎಲಿಯಕ್ಕೆ ಹೋಗಿ ಕುದುರೆ ಜೂಜು, ಹೂವಿನ ಪ್ರದರ್ಶನ ಅಂತ ಸೇರುತ್ತಾರೆ, ಅಲ್ಲಿ ರೂಮು ಸಿಕ್ಕರೆ ನಿಮ್ಮ ಪುಣ್ಯ. 17ರ ನಂತರ ಹೊರಡಿ, ತಿಂಗಳ ಕೊನೆಗೆ ಬನ್ನಿ.

ಮೇ? ಪಶ್ಚಿಮಕ್ಕೆ ಬೇಡವೇ ಬೇಡ. ಮುಂಗಾರು ಕಾಲಿಡುವ ಹೊತ್ತು, ಮಳೆ ಅಂಕಿಯಲ್ಲೇ ನೋಡಿದಿರಿ. 2016ರ ಮೇಯಲ್ಲಿ ಅರನಾಯಕದಲ್ಲಿ ಗುಡ್ಡ ಕುಸಿಯಿತು, 2017ರ ಮೇಯಲ್ಲಿ ರತ್ನಪುರ, ಕಳುತರ ಕಡೆ ಪ್ರವಾಹ ಬಂತು. ಆದರೆ ಪೂರ್ವಕ್ಕೆ ಮೇ ಚೆನ್ನಾಗಿದೆ, ಜನ ಕಡಿಮೆ, ದರ ಕಡಿಮೆ. ವೆಸಕ್ ಹುಣ್ಣಿಮೆ ಸಿಕ್ಕರೆ ಇನ್ನೂ ಚೆನ್ನ. ಮನೆಮನೆಗೆ ಕಾಗದದ ಗೂಡುದೀಪ, ಬೀದಿಯಲ್ಲಿ ದನ್ಸಲ್ ಅಂತ ಎಲ್ಲರನ್ನೂ ಕರೆದು ಕರೆದು ಪುಕ್ಕಟೆ ಊಟ, ಶರಬತ್ತು. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಒಂದು ವಿಷಯ, ವೆಸಕ್ ಅಂತಲ್ಲ, ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ, ಸರ್ಕಾರಿ ರಜೆ, ಮದ್ಯ ಮಾರುವುದಿಲ್ಲ. ಬೀಚ್‌ನಲ್ಲಿ ಬಿಯರ್ ಹಿಡಿದು ಕೂರಬೇಕು ಅಂತ ಹೊರಟವರು ಪಂಚಾಂಗ ನೋಡಿಕೊಂಡು ಹೋಗಿ.

ಕ್ರಿಸ್‌ಮಸ್ ರಜೆಯಲ್ಲಿ ದಕ್ಷಿಣದ ಕಡಲೊಂದೇ ಗುರಿಯಾದರೆ ಸರಿ, ದುಡ್ಡು ಜಾಸ್ತಿ ಹೋಗುತ್ತದೆ ಅಷ್ಟೇ. ಸಿಗಿರಿಯ, ಅನುರಾಧಪುರ, ಟ್ರಿಂಕೋ ಸೇರಿಸಿದ ಪ್ಯಾಕೇಜ್ ಆಗ ತಗೊಳ್ಳಬೇಡಿ. ಹಿಂಗಾರು ಆ ಕಡೆಯೇ ಇರುತ್ತದೆ. ನವೆಂಬರ್ ಕೊನೆಯಿಂದ ಡಿಸೆಂಬರ್ ಮೊದಲ ಭಾಗ ಚಂಡಮಾರುತದ ಹೊತ್ತು ಕೂಡ. ದಿತ್ವಾ ಬಂದಿದ್ದು ಆಗ, 1978ರಲ್ಲಿ ಬಟ್ಟಿಕಲೋವಾವನ್ನು ಹಾಳು ಮಾಡಿದ್ದೂ ನವೆಂಬರ್‌ನಲ್ಲೇ. ತಮಿಳುನಾಡಿನ ನಾಗಪಟ್ಟಿಣದಿಂದ ಜಾಫ್ನಾ ಹತ್ತಿರದ ಕಂಕೇಸಂತುರೈಗೆ ಹಡಗಿನಲ್ಲಿ ಹೋಗುವ ಆಸೆ ಇದ್ದರೂ ಈ ಕಾಲ ಬೇಡ. 2023ರ ಅಕ್ಟೋಬರ್‌ನಲ್ಲಿ ಶುರು ಮಾಡಿ ಒಂದು ವಾರದಲ್ಲೇ ಹಿಂಗಾರಿನ ಕಾರಣಕ್ಕೆ ನಿಲ್ಲಿಸಿದ್ದರು, ಮತ್ತೆ ಬಿಟ್ಟಿದ್ದು 2024ರ ಆಗಸ್ಟ್‌ನಲ್ಲಿ.

ಇನ್ನು ಅಕ್ಟೋಬರ್, ನಮ್ಮ ದಸರಾ ರಜೆ. ಬೇರೆ ರಜೆಯೇ ಸಿಗುವುದಿಲ್ಲ ಅನ್ನುವವರಿಗೆ ನಾನು ಹೋಗಲೇಬೇಡಿ ಅನ್ನುವುದಿಲ್ಲ. ಕಡಲನ್ನು ಮರೆತುಬಿಡಿ, ಅಷ್ಟು ಸಾಕು. ದಿನವನ್ನು ಎರಡು ಮಾಡಿಕೊಳ್ಳಿ. ಆರಕ್ಕೆ ಎದ್ದು ಹನ್ನೆರಡರೊಳಗೆ ನೋಡುವುದೆಲ್ಲ ನೋಡಿ, ಮಧ್ಯಾಹ್ನದ ಮೇಲೆ ಒಂದು ಊರಿಂದ ಇನ್ನೊಂದು ಊರಿಗೆ ಕಾರಿನಲ್ಲಿ ಹೋಗುವುದನ್ನು ಇಟ್ಟುಕೊಳ್ಳಿ. ಮಳೆ ಬಂದರೆ ಗಾಜಿನಾಚೆ ಬರಲಿ. ದಂಬುಲ್ಲದ ಗುಹೆಗಳಿಗೆ, ಕ್ಯಾಂಡಿಯ ಮಾಳಿಗಾವಕ್ಕೆ, ಕೊಲಂಬೊದ ಮ್ಯೂಸಿಯಂಗೆ ಮಳೆಯ ಹಂಗಿಲ್ಲ. ತಿಂಗಳ ನಡುವಿನಲ್ಲಿ ಯಾಲ ಕಾಡು ಮತ್ತೆ ತೆರೆಯುತ್ತದೆ. ಮತ್ತೆ ಬ್ಯಾಗಿನಲ್ಲಿ ಎರಡು ಕಟ್ಟು ಇಸ್ಪೀಟು ಇರಲಿ, ಒಂದು ಸಾಲುವುದಿಲ್ಲ.